ಕಾಡಿನ ಚಿತ್ರ ಬರೆದ್ರೆ ಬರೀ ಹಸಿರು ಗೋಡೆ ತರ ಕಾಣುತ್ತೆ, ಆ ಮೂಡ್ ಹೆಂಗ್ ತರೋದು?

ನೀವು ಕೇಳಿರೋ ಈ ಪ್ರಾಬ್ಲಮ್ಮಿಗೆ ಮುಖ್ಯ ಕಾರಣ ಅಂದ್ರೆ ಹತ್ರದ ಮರಕ್ಕೂ ದೂರದ ಮರಕ್ಕೂ ಒಂದೇ ಹಸಿರು ಹಾಕೋದು. ಮಳೆ ನಿಂತ ಮೇಲೆ ಬೆಳಗ್ಗೆ ಬೇಗ ಕಬ್ಬನ್ ಪಾರ್ಕಿಗೆ ಹೋಗಿ ಬಿದಿರು ಮೆಳೆ ಹತ್ರ ನಿಂತ್ಕೊಂಡು ನೋಡಿ, ದೂರ ಹೋದಷ್ಟೂ ಮರಗಳು ತಿಳಿಯಾಗಿ, ಸ್ವಲ್ಪ ನೀಲಿಯಾಗಿ, ಅಂಚೆಲ್ಲ ಕರಗಿದಂಗೆ ಕಾಣುತ್ವೆ, ಯಾಕಂದ್ರೆ ನಡುವೆ ಇರೋ ತೇವದ ಗಾಳಿ ಬೆಳಕನ್ನ ಚದುರಿಸುತ್ತೆ.

ವಾಟರ್‌ಕಲರ್ ಆದ್ರೆ ಪೇಪರ್ ಒದ್ದೆ ಇರುವಾಗ್ಲೇ ಹಿಂದಿನ ಮರಗಳನ್ನ ತೆಳುವಾಗಿ ಹಾಕಿ ಬಿಡಿ, ಪೂರ್ತಿ ಒಣಗಿದ್ಮೇಲೆ ಮುಂದಿನ ಕಾಂಡಗಳನ್ನ ಗಟ್ಟಿ ಬಣ್ಣದಲ್ಲಿ ಚೂಪಾಗಿ ಬರೀರಿ. ಟ್ಯೂಬಿನ ಹಸಿರು ಹಂಗೇ ಹಾಕ್ಬೇಡಿ, ಒಂಚೂರು ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು ಬಣ್ಣ) ಸೇರಿಸಿದ್ರೆ ಆ ಕಣ್ಣಿಗೆ ಹೊಡೆಯೋ ಹೊಳಪು ಇಳಿಯುತ್ತೆ. ಎಲೆ ಎಲೆಯಾಗಿ ಬರೆಯೋದಂತೂ ಬೇಡ್ವೇ ಬೇಡ.

ಮೂಡ್ ಬರೋದು ಬೆಳಕು ಎಲ್ಲಿ ಬೀಳುತ್ತೆ ಅನ್ನೋದ್ರಿಂದ. ರಷ್ಯಾದ ಇವಾನ್ ಶಿಶ್ಕಿನ್ 1889ರಲ್ಲಿ ಬರೆದ ಪೈನ್ ಕಾಡಿನ ಮುಂಜಾವಿನ ತೈಲಚಿತ್ರ ನೋಡಿ, ಬಿಸಿಲು ಮೇಲಿನ ಕೊಂಬೆಗಳಿಗೆ ಮಾತ್ರ ತಾಗಿದೆ, ಕೆಳಗೆ ನೆರಳು, ಹಿಂದೆ ಮಂಜು, ಆ ತಣ್ಣಗಿನ ಮೌನ ನನಗೆ ಪ್ರತಿ ಸಲ ಮೈಗೆ ತಾಗುತ್ತೆ (ಅದ್ರಲ್ಲಿರೋ ಕರಡಿಗಳನ್ನ ಬರೆದಿದ್ದು ಅವರ ಗೆಳೆಯ ಸವಿಟ್ಸ್ಕಿ). ನೀವೂ ಮೊದಲು ಪೆನ್ಸಿಲಲ್ಲಿ ಅಂಗೈ ಅಗಲದ ಸ್ಕೆಚ್ ಮಾಡಿ ಕಪ್ಪು, ಬೂದಿ, ಬಿಳಿ ಜಾಗ ಗುರುತು ಹಾಕ್ಕೊಳ್ಳಿ, ಬಿಳಿ ಒಂದೇ ಕಡೆ ಇರ್ಲಿ, ಬಣ್ಣ ಆಮೇಲೆ.