ಇಡೋಕೆ ಒಂದು ವಾಲೆಟ್, ಬದಲಾಯಿಸೋಕೆ ಇನ್ನೊಂದು: ಕ್ರಿಪ್ಟೊ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮಸ್ತೆ ಸರ್. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಸ್ವಲ್ಪ ಸ್ವಲ್ಪವೇ ಬಿಟ್‌ಕಾಯಿನ್, ಈಥರ್ ಕೊಳ್ಳುತ್ತಾ ಬಂದು ಈಗ ಸುಮಾರು ನಾಲ್ಕು ಲಕ್ಷದಷ್ಟಾಗಿದೆ. ಡಾಲರ್ ಬೆಲೆಗೆ ಕಟ್ಟಿಹಾಕಿದ ಯುಎಸ್‌ಡಿಟಿ ನಾಣ್ಯವೂ ಒಂದಿಷ್ಟು ಇದೆ. ಎಲ್ಲವೂ ಕೊಂಡ ಎಕ್ಸ್‌ಚೇಂಜ್‌ನಲ್ಲೇ (ಕ್ರಿಪ್ಟೊ ಕೊಳ್ಳುವ, ಮಾರುವ ತಾಣ) ಬಿದ್ದಿದೆ. ಹ್ಯಾಕ್ ಸುದ್ದಿ ಓದಿದಾಗಲೆಲ್ಲ ಭಯ ಆಗುತ್ತದೆ. ಇಡೋಕೂ ಬದಲಾಯಿಸೋಕೂ ಒಂದೇ ಕಡೆ ಅನುಕೂಲ ಇರುವ ಒಳ್ಳೆಯ ವಾಲೆಟ್ ಯಾವುದು? ಗೆಳೆಯನೊಬ್ಬ ಒಂದು ಆಪ್ ಹೇಳಿದ್ದಾನೆ. ಅದರಲ್ಲಿ ಸ್ವಾಪ್‌ಗೆ, ಅಂದರೆ ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆಯುವುದಕ್ಕೆ, ಶುಲ್ಕವೇ ಇಲ್ಲವಂತೆ.

ಉತ್ತರ: ಆಪ್ ಹೆಸರು ನೀವು ಬರೆದಿಲ್ಲ, ಬರೆದಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ಎರಡೂ ಕೆಲಸ ಒಂದೇ ವಾಲೆಟ್‌ನಲ್ಲಿ ಆಗಲಿ ಅನ್ನುವ ಆಸೆ ಬಿಡಿ. ವರ್ಷಗಟ್ಟಲೆ ಮುಟ್ಟದೆ ಇಡುವ ನಾಣ್ಯಕ್ಕೆ ಒಂದು ವಾಲೆಟ್, ಆಗಾಗ ಬದಲಾಯಿಸುವ ಸಣ್ಣ ಮೊತ್ತಕ್ಕೆ ಇನ್ನೊಂದು. ವಾಲೆಟ್ ಮಾಡಿದಾಗ ಅದು ಕೊಡುವ, ಅದನ್ನು ಮತ್ತೆ ತೆರೆಯಲು ಬೇಕಾಗುವ ಗುಪ್ತ ಪದಗಳು ಎರಡಕ್ಕೂ ಬೇರೆ ಬೇರೆ ಇರಲಿ.

ಮೊದಲು ಎಕ್ಸ್‌ಚೇಂಜ್ ವಿಷಯ. ನೀವು ಬೆಳೆಗಾರರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಹಾಕಿ ರಸೀದಿ ತಂದರೆ ಮಾಲು ನಿಮ್ಮದೇ, ಆದರೆ ಗೋಡೌನ್ ಬೀಗ ಅವರದು. ಎಕ್ಸ್‌ಚೇಂಜ್‌ನಲ್ಲೂ ಹಾಗೆಯೇ. ನಿಮ್ಮ ಪರದೆ ಮೇಲೆ ಕಾಣುವುದು ರಸೀದಿ ಮಾತ್ರ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳವಾಯಿತು. ಗ್ರಾಹಕರು ತಮ್ಮ ನಾಣ್ಯ ಹೊರಗೆ ತೆಗೆಯಲಾಗದೆ ವರ್ಷಕ್ಕೂ ಜಾಸ್ತಿ ಕಾದರು. ಮರುವರ್ಷದ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಅದು ಕಂಪನಿಯ ಸ್ವಂತ ಖಾತೆ, ಗ್ರಾಹಕರ ಹಣಕ್ಕೆ ತೊಂದರೆ ಇಲ್ಲ ಎಂದು ಕಂಪನಿ ಹೇಳಿತು. ಬ್ಯಾಂಕ್ ಮುಳುಗಿದರೆ ಐದು ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಕ್ರಿಪ್ಟೊಗೆ ಆ ವಿಮೆ ಅನ್ವಯಿಸುವುದಿಲ್ಲ.

ಹಾಗಂತ ಎಕ್ಸ್‌ಚೇಂಜ್ ಬಿಟ್ಟು ಬದುಕಲು ಆಗುವುದಿಲ್ಲ. ರೂಪಾಯಿ ಹಾಕಲು, ತೆಗೆಯಲು ಅದು ಬೇಕೇ ಬೇಕು. ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಆಗಿರುವುದನ್ನೇ ಬಳಸಿ. 2023ರ ಮಾರ್ಚ್‌ನಿಂದ ಈ ವ್ಯವಹಾರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿದೆ. ಲಾಗಿನ್‌ಗೆ ಎಸ್‌ಎಂಎಸ್ ಒಟಿಪಿ ಬೇಡ, ಅಥೆಂಟಿಕೇಟರ್ ಆಪ್ ಇಟ್ಟುಕೊಳ್ಳಿ. ನಿಮ್ಮ ನಂಬರಿನ ಡೂಪ್ಲಿಕೇಟ್ ಸಿಮ್ ತೆಗೆಸಿ ಒಟಿಪಿ ಕದಿಯುವವರಿದ್ದಾರೆ.

ಈಗ ಇಡುವ ವಾಲೆಟ್. ನಿಮ್ಮ ನಾಲ್ಕು ಲಕ್ಷಕ್ಕೆ ಹಾರ್ಡ್‌ವೇರ್ ವಾಲೆಟ್, ಅಂದರೆ ಕೈಯಲ್ಲಿ ಹಿಡಿಯುವ ಪುಟ್ಟ ಸಾಧನ, ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ನಾಣ್ಯ ಅದರೊಳಗೆ ಇರುವುದಿಲ್ಲ, ಬ್ಲಾಕ್‌ಚೈನ್ ಎಂಬ ಎಲ್ಲರೂ ಹಂಚಿಕೊಂಡ ಲೆಕ್ಕದ ಪುಸ್ತಕದಲ್ಲೇ ಇರುತ್ತದೆ. ಸಾಧನದೊಳಗೆ ಇರುವುದು ಕೀ, ಅಂದರೆ ನಾಣ್ಯ ಕಳಿಸಲು ಸಹಿ ಹಾಕುವ ಗುಪ್ತ ಸಂಖ್ಯೆ. ಆ ಕೀ ಎಂದೂ ನಿಮ್ಮ ಫೋನಿಗೋ ಲ್ಯಾಪ್‌ಟಾಪ್‌ಗೋ ಬರುವುದಿಲ್ಲ. ಸಹಿ ಸಾಧನದೊಳಗೇ ಆಗುತ್ತದೆ. ಹಾಗಾಗಿ ಲ್ಯಾಪ್‌ಟಾಪ್‌ಗೆ ವೈರಸ್ ಬಂದರೂ ಕೀ ಕದಿಯಲು ಆಗುವುದಿಲ್ಲ. ಜನ ಜಾಸ್ತಿ ಬಳಸುವುದು ಎರಡು ಹೆಸರು: ಫ್ರಾನ್ಸ್‌ನ ಲೆಡ್ಜರ್, ಪ್ರಾಗ್ ಮೂಲದ ಟ್ರೆಜರ್. ಟ್ರೆಜರ್‌ನ ಸಾಫ್ಟ್‌ವೇರ್ ಯಾರು ಬೇಕಾದರೂ ತೆರೆದು ಓದಬಹುದು. ಲೆಡ್ಜರ್‌ನಲ್ಲಿ ಮೊದಲಿನಿಂದಲೂ ಭದ್ರತಾ ಚಿಪ್ ಇದೆ, ಆದರೆ ಅದರ ಸಾಫ್ಟ್‌ವೇರ್ ಪೂರ್ತಿ ತೆರೆದದ್ದಲ್ಲ. ಟ್ರೆಜರ್‌ನ ಹಳೆಯ ಮಾದರಿಗಳಲ್ಲಿ ಅಂಥ ಚಿಪ್ ಇರಲಿಲ್ಲ, ಸಾಧನವೇ ಕೈಗೆ ಸಿಕ್ಕರೆ ಕೀ ತೆಗೆಯಬಹುದು ಎಂದು 2020ರಲ್ಲಿ ಸಂಶೋಧಕರು ತೋರಿಸಿದ್ದರು. ಹೊಸ ಮಾದರಿಗಳಲ್ಲಿ ಚಿಪ್ ಬಂದಿದೆ. ಯಾವುದು ಮೇಲು ಅನ್ನುವ ಜಗಳಕ್ಕೆ ಕೊನೆಯಿಲ್ಲ. ನಿಮ್ಮ ನಾಣ್ಯಗಳೆಲ್ಲ ಅದರಲ್ಲಿ ನಡೆಯುತ್ತವಾ ಎಂದು ನೋಡಿಕೊಂಡು ಒಂದನ್ನು ಆರಿಸಿ, ಸಾಕು.

ಎಲ್ಲಿ ಕೊಳ್ಳುತ್ತೀರಿ ಅನ್ನುವುದು ಬ್ರ್ಯಾಂಡ್‌ಗಿಂತ ಮುಖ್ಯ. ಕಂಪನಿಯ ವೆಬ್‌ಸೈಟ್‌ನಿಂದ, ಅಥವಾ ಅಲ್ಲಿ ಹೆಸರಿಸಿರುವ ಅಧಿಕೃತ ಮಾರಾಟಗಾರರಿಂದ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಪೆಟ್ಟಿಗೆಯೊಳಗೆ ಮೊದಲೇ ಗುಪ್ತ ಪದಗಳನ್ನು ಬರೆದಿಟ್ಟ ಕಾರ್ಡ್ ಸಿಕ್ಕಿತಾ? ಅದು ಮೋಸದ ಸಾಧನ. ಪದಗಳು ನಿಮ್ಮ ಕಣ್ಣೆದುರೇ ಸಾಧನದ ಪರದೆಯಲ್ಲಿ ಹೊಸದಾಗಿ ಮೂಡಬೇಕು. 2020ರಲ್ಲಿ ಲೆಡ್ಜರ್ ಗ್ರಾಹಕರ ಹೆಸರು, ವಿಳಾಸ ಸೋರಿಕೆಯಾಗಿದ್ದವು. ಮರುವರ್ಷ ಕೆಲವರ ಮನೆಗೆ "ನಿಮ್ಮದು ಬದಲಾಯಿಸಿ" ಎಂಬ ಪತ್ರದ ಜತೆ ನಕಲಿ ಸಾಧನಗಳೇ ಅಂಚೆಯಲ್ಲಿ ಬಂದವು. ಅಷ್ಟು ಖರ್ಚು ಮಾಡಿ ಮೋಸ ಮಾಡುತ್ತಾರೆ ಅಂದರೆ ಲಾಭ ಎಷ್ಟಿರಬೇಡ!

ಹಾಗಾದರೆ ಸ್ವಾಪ್ ಕೂಡ ಹಾರ್ಡ್‌ವೇರ್ ವಾಲೆಟ್‌ನಿಂದಲೇ ಮಾಡಬಹುದಲ್ವಾ? ಮಾಡಬಹುದು. ಆದರೆ 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಹೋದಾಗ, ಸಹಿ ಹಾಕಿದವರು ಬಳಸಿದ್ದೂ ಹಾರ್ಡ್‌ವೇರ್ ವಾಲೆಟನ್ನೇ. ಕಂಪ್ಯೂಟರ್ ಪರದೆ ತೋರಿಸಿದ್ದು ಒಂದು, ಅವರು ಸಹಿ ಹಾಕಿದ್ದು ಇನ್ನೊಂದು. ಕೀ ಕಳವಾಗಲಿಲ್ಲ. ಯಜಮಾನರೇ ಸಹಿ ಹಾಕಿ ಕಳಿಸಿಕೊಟ್ಟರು. ಸ್ವಾಪ್‌ನಲ್ಲಿ ನೀವು ದಿನಾ ಎದುರಿಸುವ ಅಪಾಯ ಇದೇ.

ಈಥರ್ ಜಾಲದಲ್ಲಿ ಯುಎಸ್‌ಡಿಟಿಯಂಥ ಟೋಕನ್ ಬದಲಾಯಿಸುವ ಮೊದಲು ಆ ಸ್ವಾಪ್ ತಾಣಕ್ಕೆ "ನನ್ನ ಟೋಕನ್ ತೆಗೆದುಕೊಳ್ಳಬಹುದು" ಎಂದು ಅಪ್ರೂವಲ್ ಕೊಡಬೇಕು. ಎಷ್ಟೋ ತಾಣಗಳು ಮಿತಿಯೇ ಇಲ್ಲದ ಅಪ್ರೂವಲ್ ಕೇಳುತ್ತವೆ. ಜನ ಓದದೆ ಒತ್ತುತ್ತಾರೆ. ನಾಳೆ ಆ ತಾಣದ ಕೋಡ್‌ನಲ್ಲಿ ಲೋಪ ಸಿಕ್ಕರೆ, ಅಥವಾ ಅದು ಮೊದಲಿಂದಲೂ ನಕಲಿಯೇ ಆಗಿದ್ದರೆ, ವಾಲೆಟ್‌ನಲ್ಲಿರುವ ಆ ಟೋಕನ್ ಪೂರ್ತಿ ಖಾಲಿ. ಅದಕ್ಕೇ ಸ್ವಾಪ್‌ಗೆ ಫೋನಿನಲ್ಲಿ ಬೇರೆ ವಾಲೆಟ್ ಇಟ್ಟುಕೊಳ್ಳಿ. ಮೆಟಾಮಾಸ್ಕ್, ಟ್ರಸ್ಟ್ ವಾಲೆಟ್ ತರಹದ ಹೆಸರುವಾಸಿಯಾದದ್ದು ಯಾವುದಾದರೂ ಸರಿ. ಆ ದಿನಕ್ಕೆ ಬೇಕಾದಷ್ಟೇ ಅದಕ್ಕೆ ಹಾಕಿ, ಬದಲಾಯಿಸಿ, ವಾಪಸ್ ಕಳಿಸಿ. ಹೋದರೂ ಅಷ್ಟೇ ಹೋಗುತ್ತದೆ. ಅಪ್ರೂವಲ್ ಕೊಡುವಾಗ ಬೇಕಾದ ಮೊತ್ತ ಮಾತ್ರ ಟೈಪ್ ಮಾಡಿ. ಹಳೆಯ ಅಪ್ರೂವಲ್‌ಗಳನ್ನು ಈಥರ್ ಜಾಲದ ವಹಿವಾಟು ತೋರಿಸುವ ಈಥರ್‌ಸ್ಕ್ಯಾನ್ ತಾಣದಲ್ಲಿ ನೋಡಿ ರದ್ದು ಮಾಡಬಹುದು.

ಶುಲ್ಕ ಇಲ್ಲದ ಸ್ವಾಪ್ ಅನ್ನುವುದನ್ನು ನಾನು ನಂಬುವುದಿಲ್ಲ. ಮೆಟಾಮಾಸ್ಕ್ ತನ್ನ ಸ್ವಾಪ್‌ಗೆ ಶೇ 0.875 ತೆಗೆದುಕೊಳ್ಳುತ್ತಿತ್ತು, ಬಹಿರಂಗವಾಗಿಯೇ. 50 ಸಾವಿರ ರೂಪಾಯಿಗೆ ಅದು 437 ರೂಪಾಯಿ ಚಿಲ್ಲರೆ. ವಹಿವಾಟು ನಡೆಸಲು ಜಾಲಕ್ಕೆ ಕೊಡುವ ಶುಲ್ಕ, ಅಂದರೆ ಗ್ಯಾಸ್, ಬೇರೆ. ಶುಲ್ಕವೇ ಇಲ್ಲ ಅನ್ನುವವರು ದರದಲ್ಲಿ ಹಿಡಿಯುತ್ತಾರೆ. ಒತ್ತುವ ಮೊದಲು ಕೈಗೆ ಎಷ್ಟು ಬರುತ್ತದೆ ಎಂದು ಎರಡು ಕಡೆ ಹೋಲಿಸಿ ನೋಡಿ, ಗೊತ್ತಾಗುತ್ತದೆ. ಬಿಟ್‌ಕಾಯಿನ್ ಕೊಟ್ಟು ಈಥರ್ ತೆಗೆದುಕೊಳ್ಳುವುದು ಇನ್ನೂ ಸಿಕ್ಕಲು. ಎರಡೂ ಬೇರೆ ಬೇರೆ ಜಾಲ. ಹಾಗಾಗಿ ಎಷ್ಟೋ ವಾಲೆಟ್‌ಗಳು ಈ ಕೆಲಸವನ್ನು ಹಿಂದೆ ಇರುವ ಮೂರನೇ ಕಂಪನಿಗೆ ಒಪ್ಪಿಸುತ್ತವೆ. ಅವರು ನಡುವೆ ನಾಣ್ಯ ತಡೆಹಿಡಿದು ಗುರುತಿನ ದಾಖಲೆ ಕೇಳುವುದುಂಟು. ನಿಮ್ಮ ಜಾಗದಲ್ಲಿ ನಾನಿದ್ದರೆ ಬಿಟ್‌ಕಾಯಿನ್ ಬದಲಾಯಿಸುವುದನ್ನು ನೋಂದಾಯಿತ ಎಕ್ಸ್‌ಚೇಂಜ್‌ನಲ್ಲೇ ಮುಗಿಸಿ, ಅವತ್ತೇ ಹೊರಗೆ ತೆಗೆಯುತ್ತಿದ್ದೆ.

ಇನ್ನು ಯುಎಸ್‌ಡಿಟಿ. ಅದು ಈಥರ್ ಜಾಲದಲ್ಲೂ ಇದೆ, ಟ್ರಾನ್ ಜಾಲದಲ್ಲೂ ಇದೆ. ಕಳಿಸುವ ಕಡೆ, ಪಡೆಯುವ ಕಡೆ ಎರಡೂ ಒಂದೇ ಜಾಲ ಇರಬೇಕು. ಟ್ರಾನ್‌ನಲ್ಲಿ ಬಂದದ್ದನ್ನು ಮುಂದೆ ಕಳಿಸಲು ಜಾಲದ ಶುಲ್ಕಕ್ಕೆ ಸ್ವಲ್ಪ ಟಿಆರ್‌ಎಕ್ಸ್ ನಾಣ್ಯ ಬೇಕು, ಈಥರ್ ಜಾಲದಲ್ಲಾದರೆ ಸ್ವಲ್ಪ ಈಥರ್. ಅದಿಲ್ಲದೆ "ದುಡ್ಡು ಕಾಣ್ತಿದೆ, ಕಳಿಸೋಕಾಗ್ತಿಲ್ಲ" ಎಂದು ಒದ್ದಾಡುವವರೇ ಜಾಸ್ತಿ. ಮೊದಲು ಸಣ್ಣ ಮೊತ್ತ ಕಳಿಸಿ, ಬಂದು ಮುಟ್ಟಿದ ಮೇಲೆ ಉಳಿದದ್ದು. ವಾಲೆಟ್ ವಿಳಾಸವನ್ನು ಹಳೆಯ ವಹಿವಾಟಿನ ಪಟ್ಟಿಯಿಂದ ಕಾಪಿ ಮಾಡಬೇಡಿ. ಮೊದಲ ಕೊನೆಯ ಅಕ್ಷರ ನಿಮ್ಮದರಂತೆಯೇ ಇರುವ ವಿಳಾಸ ಸೃಷ್ಟಿಸಿ, ಅದರಿಂದ ಪುಡಿಗಾಸು ಕಳಿಸಿ ಆ ಪಟ್ಟಿಯಲ್ಲಿ ಕೂತಿರುತ್ತಾರೆ ಕಳ್ಳರು.

ಒಟ್ಟು ಇಪ್ಪತ್ತು ಮೂವತ್ತು ಸಾವಿರದಷ್ಟೇ ಇದ್ದವರಿಗೆ ಹಾರ್ಡ್‌ವೇರ್ ವಾಲೆಟ್ ಖರ್ಚು ಸುಮ್ನೆ ದಂಡ. ಅವರು ಒಳ್ಳೆಯ ಎಕ್ಸ್‌ಚೇಂಜ್‌ನಲ್ಲೇ ಬಿಟ್ಟರೂ ನಾನು ಬೈಯುವುದಿಲ್ಲ.

ಪ್ರಶ್ನೆ: ನಾನು ಹಾಸನದಲ್ಲಿ ಪ್ರೌಢಶಾಲೆ ಶಿಕ್ಷಕಿ. ಫೋನ್ ವಾಲೆಟ್ ಮಾಡಿಕೊಂಡಾಗ 12 ಪದ ಕೊಟ್ಟಿತು. ಮರೆತುಹೋಗಬಾರದು ಅಂತ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಅದು ತಪ್ಪು ಅಂತಾರೆ ನಮ್ಮನೆಯವರು. ಮತ್ತೆ ಎಲ್ಲಿ ಬರೆದಿಡಲಿ? ತವರು ಕೊಪ್ಪದ ಕಡೆ, ಅಲ್ಲಿ ಇಟ್ಟರೆ ಹೇಗೆ?

ಉತ್ತರ: ನಿಮ್ಮ ಮನೆಯವರು ಹೇಳಿದ್ದು ಸರಿ. ಆ 12 ಪದ ಸಿಕ್ಕವರಿಗೆ ನಿಮ್ಮ ಫೋನ್ ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಫೋಟೊ ಗ್ಯಾಲರಿಯಲ್ಲಿರುವ ಚಿತ್ರಗಳನ್ನು ಓದಿ ಇಂಥ ಪದಗಳನ್ನೇ ಹುಡುಕುವ ಸ್ಪಾರ್ಕ್‌ಕ್ಯಾಟ್ ಎಂಬ ಕಳ್ಳ ಸಾಫ್ಟ್‌ವೇರನ್ನು 2025ರ ಫೆಬ್ರುವರಿಯಲ್ಲಿ ಕ್ಯಾಸ್ಪರ್‌ಸ್ಕಿ ಕಂಪನಿ ಬಯಲು ಮಾಡಿತು. ಅದು ಗೂಗಲ್ ಪ್ಲೇ, ಆಪಲ್‌ನ ಆಪ್ ಸ್ಟೋರ್ ಎರಡರಲ್ಲೂ ಇದ್ದ ಆಪ್‌ಗಳೊಳಗೇ ಅಡಗಿತ್ತು. ಫೋಟೊ ತಾನಾಗಿಯೇ ಕ್ಲೌಡ್‌ಗೂ ಹೋಗಿರುತ್ತದೆ.

ಈಗ ಅದನ್ನು ಅಳಿಸಿದರೆ ಸಾಲದು ಮೇಡಂ. ಹೊಸ ವಾಲೆಟ್ ಮಾಡಿ, ಹೊಸ ಪದ ಬರೆದುಕೊಂಡು, ನಾಣ್ಯವನ್ನೆಲ್ಲ ಅಲ್ಲಿಗೆ ಕಳಿಸಿ. ಹಳೆಯ ಪದಗಳನ್ನು ಮತ್ತೆ ಬಳಸಬೇಡಿ.

ಬರೆಯುವುದು ಎಲ್ಲಿ? ಕಾಗದ ಪರವಾಗಿಲ್ಲ, ಆದರೆ ನಿಮ್ಮ ತವರಿನಲ್ಲಿ ಮಳೆಗಾಲಕ್ಕೆ ಬೀರುವಿನೊಳಗಿನ ಸೀರೆಗೇ ಬೂಷ್ಟು ಹಿಡಿಯುತ್ತದೆ. ಜತೆಗೆ ಗೆದ್ದಲು. ಪೆನ್ನಿನ ಶಾಯಿ ಥಂಡಿಗೆ ಹರಡುತ್ತದೆ, ಪೆನ್ಸಿಲ್ ಬರಹ ಹರಡುವುದಿಲ್ಲ. ಇನ್ನೂ ಗಟ್ಟಿ ಬೇಕೆಂದರೆ ಸ್ಟೇನ್‌ಲೆಸ್ ಸ್ಟೀಲ್ ತಗಡು, ಅಕ್ಷರ ಒತ್ತುವ ಪಂಚ್ ಸೆಟ್. ಈ ಪದಗಳು 2048 ಇಂಗ್ಲಿಷ್ ಪದಗಳ ಒಂದು ಪಟ್ಟಿಯಿಂದ ಬರುತ್ತವೆ. ಅದರಲ್ಲಿ ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವ ಎರಡು ಪದಗಳಿಲ್ಲ. ಹಾಗಾಗಿ ತಗಡಿನ ಮೇಲೆ ನಾಲ್ಕು ನಾಲ್ಕು ಅಕ್ಷರ ಒತ್ತಿದರೆ ಸಾಕು. ಕ್ರಮ ಮಾತ್ರ ತಪ್ಪಬಾರದು, ನಂಬರ್ ಹಾಕಿ. ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಕೊಡುತ್ತಾರಲ್ಲ, ಅಲ್ಲಿಗೆ ಒಯ್ಯಬೇಡಿ ಮತ್ತೆ! ಮನೆಯಲ್ಲೇ ಕೂತು ನೀವೇ ಒತ್ತಿ.

ಎರಡು ಪ್ರತಿ ಮಾಡಿ. ಒಂದು ಹಾಸನದ ಮನೆಯಲ್ಲಿ ಅಥವಾ ಬ್ಯಾಂಕ್ ಲಾಕರ್‌ನಲ್ಲಿ, ಇನ್ನೊಂದು ತವರಿನಲ್ಲಿ. ದೊಡ್ಡ ಮೊತ್ತ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ವಾಲೆಟ್ ಅಳಿಸಿ, ಬರೆದಿಟ್ಟ ಪದಗಳಿಂದಲೇ ಮತ್ತೆ ತೆರೆಯಿರಿ. ತೆರೆಯಿತಾ, ಬರೆದದ್ದು ಸರಿ ಇದೆ. ಮನೆಯವರಿಗೂ ತಗಡು ಎಲ್ಲಿದೆ, ಯಾಕಿದೆ ಎಂದು ಹೇಳಿರಿ. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಜೇಮ್ಸ್ ಹೋವೆಲ್ಸ್ ಎಂಬವರ ಹಾರ್ಡ್ ಡ್ರೈವ್ 2013ರಲ್ಲಿ ಕಸದ ಜತೆ ಹೊರಟುಹೋಯಿತು. ಅದರಲ್ಲಿ ಸುಮಾರು 8000 ಬಿಟ್‌ಕಾಯಿನ್‌ನ ಕೀ ಇತ್ತು. ಕಸದ ಗುಡ್ಡೆ ಅಗೆಯಲು ಬಿಡಿ ಎಂದು ಕೋರ್ಟಿಗೆ ಹೋದರು. 2025ರ ಜನವರಿಯಲ್ಲಿ ಅದೂ ವಜಾ ಆಯಿತು.

ಪ್ರಶ್ನೆ: ಬೇಲೂರಿನಲ್ಲಿ ಅಂಗಡಿ ಇಟ್ಟಿದ್ದೇನೆ. ಈಥರ್ ಅನ್ನು ಯುಎಸ್‌ಡಿಟಿಗೆ ನನ್ನ ವಾಲೆಟ್‌ನಲ್ಲೇ ಬದಲಾಯಿಸಿದೆ. ರೂಪಾಯಿ ಮಾಡಿಲ್ಲ, ಬ್ಯಾಂಕಿಗೂ ಬಂದಿಲ್ಲ. ತೆರಿಗೆ ಇಲ್ಲ ತಾನೇ?

ಉತ್ತರ: ಇದೆ. ಒಂದು ಕ್ರಿಪ್ಟೊ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ಲಾಭದ ಮೇಲೆ ಶೇ 30, ಅದರ ಮೇಲೆ ಶೇ 4 ಸೆಸ್. 2022ರ ಏಪ್ರಿಲ್‌ನಿಂದ ಬಂದ ನಿಯಮ ಇದು. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತೆಯೂ ಇಲ್ಲ. ಶೇ 1 ಟಿಡಿಎಸ್ ಬೇರೆ ಇದೆ. ಭಾರತದ ಎಕ್ಸ್‌ಚೇಂಜ್‌ನಲ್ಲಾದರೆ ಅವರೇ ಹಿಡಿದು ಕಟ್ಟುತ್ತಾರೆ. ನಿಮ್ಮ ವಾಲೆಟ್‌ನಲ್ಲಾದರೆ ಲೆಕ್ಕ ನಿಮ್ಮ ತಲೆ ಮೇಲೆ. ಪ್ರತಿ ಸ್ವಾಪ್‌ನ ದಿನ, ಅಂದಿನ ರೂಪಾಯಿ ದರ, ಟ್ರಾನ್ಸಾಕ್ಷನ್ ಐಡಿ ಒಂದು ಪುಸ್ತಕದಲ್ಲಿ ಬರೆದು ನಿಮ್ಮ ಸಿಎಗೆ ಕೊಡಿ. ವಾಲೆಟ್‌ನಿಂದ ನಿಮ್ಮದೇ ಇನ್ನೊಂದು ವಾಲೆಟ್‌ಗೆ ಸುಮ್ಮನೆ ವರ್ಗಾಯಿಸಿದರೆ ಅದು ಮಾರಾಟವಲ್ಲ.

ಪ್ರಶ್ನೆ: ಸಕಲೇಶಪುರದಿಂದ ಬರೆಯುತ್ತಿದ್ದೇನೆ. ಸ್ವಾಪ್ ಸಿಕ್ಕಿಹಾಕಿಕೊಂಡಿತ್ತು. ಟೆಲಿಗ್ರಾಂನಲ್ಲಿ ಕೇಳಿದಾಗ "ಸಪೋರ್ಟ್" ಎಂದು ಒಬ್ಬರು ಬಂದು ವಾಲೆಟ್ ವ್ಯಾಲಿಡೇಟ್ ಮಾಡಿ ಎಂದು ಲಿಂಕ್ ಕೊಟ್ಟರು. ಪದಗಳನ್ನು ಹಾಕಿದೆ. ಎಲ್ಲ ಹೋಯಿತು. ಇನ್ನೊಬ್ಬರು ವಾಪಸ್ ತೆಗೆಸಿಕೊಡುತ್ತೇನೆ, ಮೊದಲು 15 ಸಾವಿರ ಕಳಿಸಿ ಅನ್ನುತ್ತಿದ್ದಾರೆ.

ಉತ್ತರ: ಆ 15 ಸಾವಿರ ಕಳಿಸಬೇಡಿ. ಇವರೂ ಅದೇ ಗುಂಪಿನವರು, ಇಲ್ಲವೇ ಅವರಿಂದ ನಿಮ್ಮ ಹೆಸರು ಪಡೆದವರು. ಬ್ಲಾಕ್‌ಚೈನ್‌ನಲ್ಲಿ ಹೋದ ವಹಿವಾಟನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಯಾರಿಗೂ ಇಲ್ಲ. ಯಾವ ನಿಜವಾದ ಕಂಪನಿಯೂ ಪದಗಳನ್ನು ಕೇಳುವುದಿಲ್ಲ.

ಇವತ್ತೇ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಆಮೇಲೆ ಹಾಸನದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಟ್ರಾನ್ಸಾಕ್ಷನ್ ಐಡಿ, ನಾಣ್ಯ ಹೋದ ವಿಳಾಸ, ಟೆಲಿಗ್ರಾಂ ಮಾತುಕತೆಯ ಸ್ಕ್ರೀನ್‌ಶಾಟ್, ಆ ಲಿಂಕ್, ಎಲ್ಲವನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ. ಕದ್ದ ನಾಣ್ಯ ಯಾವುದಾದರೂ ಎಕ್ಸ್‌ಚೇಂಜ್‌ಗೆ ಬಂದು ಬಿದ್ದರೆ ಪೊಲೀಸರು ಅಲ್ಲಿ ತಡೆಹಿಡಿಸಬಹುದು. ಹೋದದ್ದು ಯುಎಸ್‌ಡಿಟಿ ಆಗಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಅದನ್ನು ಹೊರಡಿಸುವ ಟೆದರ್ ಕಂಪನಿಗೆ ಒಂದು ವಿಳಾಸದಲ್ಲಿರುವ ಯುಎಸ್‌ಡಿಟಿಯನ್ನು ಸ್ತಂಭಿಸುವ ಅವಕಾಶ ಇದೆ, ಪೊಲೀಸರ ಕೋರಿಕೆ ಮೇಲೆ ಹಾಗೆ ಮಾಡಿದ್ದೂ ಇದೆ. ಆ ಹಳೆಯ ವಾಲೆಟ್‌ಗೆ ಇನ್ನು ಒಂದು ರೂಪಾಯಿಯದ್ದೂ ಹಾಕಬೇಡಿ. ಗ್ಯಾಸ್‌ಗೆಂದು ಹಾಕಿದ್ದನ್ನೂ ಅವರ ಪ್ರೋಗ್ರಾಂ ತಕ್ಷಣ ಎತ್ತಿಕೊಳ್ಳುತ್ತದೆ.