ಉಬ್ಬಸ ಇರುವ ಮಗು ಕಡಲೆ ಮಿಠಾಯಿ ತಿಂದು ತುಟಿ ಊದಿದರೆ

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಉಬ್ಬಸಕ್ಕೆ ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. ಅದು ಚಟವಾಗಿಬಿಡುತ್ತದೆ, ಮಾತ್ರೆಯೇ ವಾಸಿ ಅನ್ನುತ್ತಾರೆ ನಮ್ಮತ್ತೆ. ಶೀತವೆಂದು ಮೊಸರು, ಬಾಳೆಹಣ್ಣು ನಿಲ್ಲಿಸಿದ್ದೇವೆ. ಹೋದ ತಿಂಗಳು ಕಡಲೆ ಮಿಠಾಯಿ ತಿಂದ ಹತ್ತು ನಿಮಿಷಕ್ಕೆ ತುಟಿ ಊದಿ, ಮೈಯೆಲ್ಲ ದದ್ದೆದ್ದು, ವಾಂತಿಯಾಯಿತು. ಅಲರ್ಜಿ ಮಾತ್ರೆ ಕೊಟ್ಟ ಮೇಲೆ ಇಳಿಯಿತು. ಏನು ಮಾಡಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ನೀವು ಕೊನೆಗೆ ಬರೆದದ್ದನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನಮ್ಮ. ದದ್ದಿನ ಜೊತೆ ವಾಂತಿಯೂ ಆಯಿತೆಂದರೆ ಅದನ್ನು ಪಿತ್ತದ ಗಂಧೆ ಎಂದು ಬಿಡುವ ಹಾಗಿಲ್ಲ. ಇಡೀ ದೇಹ ತಿರುಗಿಬೀಳುವ ಈ ಅಲರ್ಜಿಗೆ ಅನಾಫಿಲ್ಯಾಕ್ಸಿಸ್ ಎನ್ನುತ್ತೇವೆ. ಉಬ್ಬಸವಿರುವ ಮಕ್ಕಳಿಗೆ ಇದು ಉಸಿರಿಗೇ ಬರುವ ಅಪಾಯ ಹೆಚ್ಚು. ಅಲರ್ಜಿ ಮಾತ್ರೆ ತುರಿಕೆ ಇಳಿಸುತ್ತದೆ, ಅಷ್ಟೇ. ಗಂಟಲು ಕಟ್ಟುವುದನ್ನು, ಬಿ.ಪಿ. ಕುಸಿಯುವುದನ್ನು ತಡೆಯುವುದು ತೊಡೆಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಇನ್ನೊಮ್ಮೆ ಹೀಗಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಮಗುವನ್ನು ನಡೆಸಬೇಡಿ, ಮಲಗಿಸಿ, ಏದುಸಿರಿದ್ದರೆ ಕೂರಿಸಿ. ಆಸ್ಪತ್ರೆ ಬಾಗಿಲಲ್ಲೇ 'ಕಡಲೆಕಾಯಿ ತಿಂದಿದ್ದಾನೆ, ಉಬ್ಬಸವೂ ಇದೆ' ಎಂದು ಹೇಳಿ.

ಈ ವಾರವೇ ಅಲರ್ಜಿ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಕಡಲೆಕಾಯಿ ಸೋಕಲೂ ಬೇಡ. ಚಿತ್ರಾನ್ನ, ಪುಳಿಯೋಗರೆಯಲ್ಲಿ ಬೀಜ ಕಣ್ಣಿಗೆ ಬೀಳುತ್ತದೆ. ಚಟ್ನಿಯಲ್ಲಿ ರುಬ್ಬಿದ ಮೇಲೆ ಗೊತ್ತೇ ಆಗುವುದಿಲ್ಲ. ಹೋಟೆಲಿನಲ್ಲಿ 'ಕಡಲೆ ಹಾಕಿದ್ದೀರಾ' ಎಂದರೆ ಅವರು ಹುರಿಗಡಲೆ ಅಂದುಕೊಂಡಾರು. 'ಕಡಲೆಕಾಯಿ ಬೀಜ' ಎಂದೇ ಬಿಡಿಸಿ ಕೇಳಿ. ಪ್ಯಾಕೆಟ್ ತಿಂಡಿಯ ಮೇಲೆ ಅದನ್ನು ನಮೂದಿಸಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವಿದೆ, ಓದಿ ಕೊಳ್ಳಿ.

ಮೊಸರು, ಬಾಳೆಹಣ್ಣು ತಿಂದಾಗ ಅವನಿಗೆ ಏನೂ ಆಗಿಲ್ಲವಾದರೆ ಧಾರಾಳವಾಗಿ ಕೊಡಿ. ಬೆಳೆಯುವ ಮಗು, ಪಾಪ.

ಅತ್ತೆಯವರಿಗೆ ಒಂದು ಲೆಕ್ಕ ತೋರಿಸಿ. ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಮಾತ್ರೆ ಚಿಕ್ಕದೆಂದರೂ 2 ಮಿಲಿಗ್ರಾಂ, ಅಂದರೆ 2000 ಮೈಕ್ರೋಗ್ರಾಂ. ಅದೇ ಔಷಧಿ ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಒಂದು ಮಾತ್ರೆ ಇಪ್ಪತ್ತು ಪಫ್‌ಗೆ ಸಮ! ಮಾತ್ರೆ ಮೈಯೆಲ್ಲ ಸುತ್ತಿ ಕೈ ನಡುಗಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಪಫ್ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಚಟದ ಮಾತೇ ಇಲ್ಲ. ದಿನವೂ ತೆಗೆದುಕೊಳ್ಳಲು ಬರೆದ ಇನ್‌ಹೇಲರನ್ನು ಕೆಮ್ಮು ನಿಂತಿತೆಂದು ನೀವಾಗಿ ಬಿಡಿಸಬೇಡಿ. ಒಳಗಿನ ಊತ ಇಳಿದಿರುವುದೇ ಅದರಿಂದ. ಇನ್‌ಹೇಲರನ್ನು ಸ್ಪೇಸರ್‌ಗೆ (ಇನ್‌ಹೇಲರಿಗೂ ಬಾಯಿಗೂ ನಡುವೆ ಹಿಡಿಯುವ ಕೊಳವೆಗೆ) ಜೋಡಿಸುವ ಮೊದಲು ಚೆನ್ನಾಗಿ ಅಲುಗಿಸಿ, ಒಂದೇ ಪಫ್ ಒತ್ತಿ, ಐದಾರು ಸಲ ನಿಧಾನವಾಗಿ ಉಸಿರಾಡಲಿ. ಎರಡನೆಯದು ಬೇಕಿದ್ದರೆ ಮತ್ತೆ ಅಲುಗಿಸಿ. ಸ್ಟೀರಾಯ್ಡ್ ಇರುವುದಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ.

ಉಸಿರು ಕಟ್ಟಿದಾಗ ಕೊಡುವ ಇನ್‌ಹೇಲರ್ ಮತ್ತು ಸ್ಪೇಸರ್ ಒಂದು ಜೊತೆ ಶಾಲೆಯಲ್ಲೂ ಇರಲಿ. ಕಡಲೆಕಾಯಿ ವಿಷಯವನ್ನು ಕ್ಲಾಸ್ ಟೀಚರಿಗೆ ಬರೆದೇ ಕೊಡಿ.