ವಕ್ರೀಭವನ ಗೊತ್ತಿದ್ದ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ವಿದ್ಯಾರ್ಥಿನಿ ಕಾಸರಗೋಡು ಜಿಲ್ಲೆಯ ಒಳನಾಡಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಯಲ್ಲಿದ್ದಾಗ ನನ್ನ ಬಳಿಗೆ ಬಂದವಳು. ಗುರುತು ಹತ್ತದಂತೆ ಊರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವಳೂ ಅವಳ ತಾಯಿಯೂ ಒಪ್ಪಿಗೆ ಕೊಟ್ಟಿದ್ದಾರೆ.

ಅವಳನ್ನು ಕಳುಹಿಸಿದವರು ಕ್ಲಾಸ್ ಟೀಚರ್. ಜೂನ್ ತಿಂಗಳ ಕೊನೆಯಿಂದ ಹುಡುಗಿಗೆ ಬೆಳಗಿನ ಹೊತ್ತು ತಲೆನೋವು, ವಿಜ್ಞಾನದ ಪಿರಿಯಡ್‌ನಲ್ಲಿ ಕೈ ಎತ್ತುವುದನ್ನೇ ನಿಲ್ಲಿಸಿದ್ದಾಳೆ, ಕೇಳಿದರೆ ಕಣ್ಣಲ್ಲಿ ನೀರು ಎಂದು ಅವರು ತಿಳಿಸಿದ್ದರು. ತಂದೆ ಅಡಿಕೆ ತೋಟಗಳಲ್ಲಿ ಕೊಯ್ಲಿನ ಕೆಲಸ ಮಾಡುವವರು, ತಾಯಿ ಬೀಡಿ ಕಟ್ಟುವವರು, ಮನೆಮಾತು ತುಳು. ಎಂಟನೆಯ ತರಗತಿಯಲ್ಲಿ, ಬಡ ಮನೆಗಳ ಪ್ರತಿಭಾವಂತ ಮಕ್ಕಳಿಗಾಗಿ ಕೇಂದ್ರ ಸರಕಾರ ನಡೆಸುವ ಎನ್‌ಎಂಎಂಎಸ್ ಯೋಜನೆಯ ಪರೀಕ್ಷೆಯಲ್ಲಿ ಆಯ್ಕೆಯಾಗಿ ವರ್ಷಕ್ಕೆ 12,000 ರೂಪಾಯಿಯ ವಿದ್ಯಾರ್ಥಿವೇತನ ಪಡೆಯುತ್ತಿದ್ದ ಮಗು ಅದು. ಮೊದಲ ಭೇಟಿಯಲ್ಲಿ ಅವಳು ಆಡಿದ್ದು ಒಂದೇ ಮಾತು: ‘ನನಗೆ ಸೈನ್ಸ್ ಆಗುವುದಿಲ್ಲ ಟೀಚರ್, ನನ್ನ ತಲೆಯೇ ಅಷ್ಟು.’

ಎರಡನೆಯ ಭೇಟಿಯಲ್ಲಿ ವಿಷಯ ಹೊರಬಂತು. ಪೇಟೆಯಲ್ಲಿ ನಡೆದ, ಪ್ರವೇಶ ಪರೀಕ್ಷೆಗಳ ಬಗೆಗಿನ ಮಾಹಿತಿ ಶಿಬಿರಕ್ಕೆ ಅವಳನ್ನು ಸೋದರಮಾವ ಕರೆದುಕೊಂಡು ಹೋಗಿದ್ದರು. ಅಲ್ಲಿ ಮಾತನಾಡಿದವರು ಮಕ್ಕಳ ನಡುವೆ ಬಂದು ‘ರಿಫ್ರಾಕ್ಷನ್’ ಎಂದರೇನು ಎಂದು ಇಂಗ್ಲಿಷಿನಲ್ಲಿ ಇವಳನ್ನೇ ಕೇಳಿದರು. ಕನ್ನಡಿಯಲ್ಲಿ ಬೆಳಕು ಹಿಂದಕ್ಕೆ ಬರುವುದು ಎಂದು ಇವಳು ಹೇಳಿದಳು. ಸುತ್ತಲಿನ ಮಕ್ಕಳು ನಕ್ಕರು. ಮನೆಗೆ ಮರಳಿದ ಮೇಲೆ, ಹಿಂದಿನ ವರ್ಷ ಇದೇ ಶಾಲೆಯಿಂದ ಒಳ್ಳೆಯ ಗ್ರೇಡಿನಲ್ಲಿ ತೇರ್ಗಡೆಯಾಗಿ, ಇಂಗ್ಲಿಷ್ ಮಾಧ್ಯಮದ ಪ್ಲಸ್ ಒನ್ (ಹನ್ನೊಂದನೆಯ ತರಗತಿ) ಸೈನ್ಸಿಗೆ ಸೇರಿ, ತರಗತಿಯಲ್ಲಿ ಹೇಳುವುದು ಅರ್ಥವಾಗದೆ ಓದನ್ನೇ ಬಿಟ್ಟ ನೆರೆಮನೆಯ ಅಕ್ಕನ ನೆನಪು ಅದಕ್ಕೆ ಸೇರಿಕೊಂಡಿತು.

ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ಪಾತ್ರೆ ಇತ್ತು. ಅದರ ತಳದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು, ಅಂಚಿನ ಮರೆಯಲ್ಲಿ ನಾಣ್ಯ ಕಾಣದ ಹಾಗೆ ಅವಳನ್ನು ಕೂರಿಸಿ, ನಿಧಾನವಾಗಿ ನೀರು ಸುರಿದೆ. ನಾಣ್ಯ ಕಾಣಿಸಿಕೊಂಡಿತು. ಯಾಕೆ ಎಂದು ಕೇಳಿದ್ದಕ್ಕೆ ಅವಳು ಕಾಗದ ತೆಗೆದು ಚಿತ್ರ ಬರೆದು ವಿವರಿಸಿದಳು: ನೀರಿನಿಂದ ಗಾಳಿಗೆ ಬರುವಾಗ ಬೆಳಕಿನ ವೇಗ ಹೆಚ್ಚುತ್ತದೆ, ಆದ್ದರಿಂದ ಕಿರಣ ಲಂಬದಿಂದ ದೂರಕ್ಕೆ ಬಾಗುತ್ತದೆ, ನಮ್ಮ ಕಣ್ಣು ಮಾತ್ರ ಅದು ನೇರವಾಗಿಯೇ ಬಂತು ಎಂದುಕೊಳ್ಳುವುದರಿಂದ ನಾಣ್ಯ ಮೇಲೆದ್ದಂತೆ ತೋರುತ್ತದೆ. ‘ಇದಕ್ಕೆ ವಕ್ರೀಭವನ ಅಂತ ಹೇಳುವುದು ಟೀಚರ್,’ ಎಂದಳು. ಶಿಬಿರದಲ್ಲಿ ಕೇಳಿದ್ದು ಇದನ್ನೇ ಎಂದು ನಾನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು.

ಪ್ರತಿಫಲನ ಮತ್ತು ವಕ್ರೀಭವನ ಎಂಬ ಪದಗಳನ್ನು ಕನ್ನಡದಲ್ಲಿ ಕಲಿತ ಮಗು ಒಂದನ್ನು ಇನ್ನೊಂದೆಂದು ತಪ್ಪುವ ಸಂಭವ ಕಡಿಮೆ, ಏಕೆಂದರೆ ಬಾಗುವ ಸಂಗತಿ ಹೆಸರಿನೊಳಗೇ ಇದೆ. ರಿಫ್ಲೆಕ್ಷನ್, ರಿಫ್ರಾಕ್ಷನ್ ಎಂಬ ಜೋಡಿಯನ್ನು ಮೊದಲ ಸಲ ಕಿವಿಯಿಂದ ಮಾತ್ರ ಕೇಳಿದವರಿಗೆ ಅಂಥ ಆಸರೆ ಇಲ್ಲ. ಹುಡುಗಿಗೆ ಭೌತವಿಜ್ಞಾನ ತಿಳಿದಿತ್ತು. ಅದರ ಇನ್ನೊಂದು ಹೆಸರು ತಿಳಿದಿರಲಿಲ್ಲ. ಈ ವ್ಯತ್ಯಾಸವನ್ನು ಯಾರೂ ಅವಳಿಗೆ ಹೇಳಿಕೊಡದ ಕಾರಣ ಅವಳು ಅದನ್ನು ತನ್ನ ಬುದ್ಧಿಯ ಕೊರತೆ ಎಂದು ಲೆಕ್ಕ ಹಾಕಿದ್ದಳು. ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳಲ್ಲಿ ಈ ತಪ್ಪು ಲೆಕ್ಕವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಪ್ರತಿ ಸಲವೂ ಅದು ನನ್ನನ್ನು ನೋಯಿಸಿದೆ.

ಇಲ್ಲಿ ನಾನು ಕೊಟ್ಟ ಮೊದಲ ಸಲಹೆ ಸರಿಯಾಗಿರಲಿಲ್ಲ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆ ಓದಲು ಹೇಳಿದ್ದೆ. ಎರಡು ವಾರದಲ್ಲಿ ಅವಳ ಅಂಜಿಕೆ ಇನ್ನೂ ಬೆಳೆದಿತ್ತು, ಏಕೆಂದರೆ ಪತ್ರಿಕೆಯಲ್ಲಿ ಅವಳಿಗೆ ವಿಷಯವೂ ಹೊಸತು, ಭಾಷೆಯೂ ಹೊಸತು. ಗೊತ್ತಿರುವ ವಿಷಯದ ಮೇಲೆ ಗೊತ್ತಿಲ್ಲದ ಭಾಷೆಯನ್ನು ಕೂರಿಸಬೇಕಿತ್ತು. ಅದಕ್ಕೆ ಬೇಕಾದ ಪುಸ್ತಕ ಹಣ ಕೊಡದೆ ಸಿಗುವಂಥದ್ದೇ ಆಗಿತ್ತು. ಕೇರಳದ ಎಸ್‌ಸಿಇಆರ್‌ಟಿ ಒಂದೇ ಪಠ್ಯವನ್ನು ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡಗಳಲ್ಲಿ ಹೊರತರುತ್ತದೆ. ಅಧ್ಯಾಯಗಳ ಕ್ರಮ, ಚಿತ್ರ, ಪ್ರಯೋಗ ಎಲ್ಲವೂ ಅವೇ. ‘ಸಮಗ್ರ’ ಪೋರ್ಟಲ್‌ನಿಂದ ಇಂಗ್ಲಿಷ್ ಮಾಧ್ಯಮದ ಭೌತ, ರಸಾಯನ, ಜೀವವಿಜ್ಞಾನ ಪುಸ್ತಕಗಳನ್ನು ಇಳಿಸಿಕೊಂಡು, ತರಗತಿಯಲ್ಲಿ ಕನ್ನಡದಲ್ಲಿ ಮುಗಿದ ಪಾಠವನ್ನು ಮಾತ್ರ ಆ ವಾರ ಇಂಗ್ಲಿಷಿನಲ್ಲಿ ಓದಬೇಕು, ಮುಗಿಯದ ಪಾಠವನ್ನು ಮುಟ್ಟಬಾರದು ಎಂದು ನಿಶ್ಚಯಿಸಿದೆವು.

ಜೊತೆಗೆ ಒಂದು ಉದ್ದ ನೋಟ್‌ಬುಕ್. ಎಡಕ್ಕೆ ಜಡತ್ವ, ಸಂವೇಗ, ಉತ್ಕರ್ಷಣ, ದ್ಯುತಿಸಂಶ್ಲೇಷಣೆ. ಬಲಕ್ಕೆ ಇನರ್ಷಿಯ, ಮೊಮೆಂಟಮ್, ಆಕ್ಸಿಡೇಷನ್, ಫೋಟೋಸಿಂಥೆಸಿಸ್. ಆದರೆ ಇಂಥ ದೊಡ್ಡ ಪದಗಳು ಬೇಗ ಒಗ್ಗುತ್ತವೆ, ಅವುಗಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಮಕ್ಕಳನ್ನು ನಿಜವಾಗಿ ಎಡವಿಸುವುದು ಸಣ್ಣ ಪದಗಳು. ‘ಬೇಸ್’ ಎಂದರೆ ತಳ ಎಂದು ತಿಳಿದಿರುವವಳಿಗೆ ಅದು ರಸಾಯನದಲ್ಲಿ ಪ್ರತ್ಯಾಮ್ಲ ಎಂಬುದು ಹೊಳೆಯುವುದಿಲ್ಲ. ‘ವರ್ಕ್’, ‘ಪವರ್’ ಎಂಬ ದಿನಬಳಕೆಯ ಮಾತುಗಳಿಗೆ ಭೌತವಿಜ್ಞಾನದಲ್ಲಿ ಬಿಗಿಯಾದ ಅರ್ಥವಿದೆ. ಇದಕ್ಕಿಂತ ಮುಖ್ಯವಾಗಿ, ಪ್ರಶ್ನೆಪತ್ರಿಕೆಯ ಕ್ರಿಯಾಪದಗಳಾದ ‘ಡಿರೈವ್’, ‘ಜಸ್ಟಿಫೈ’, ‘ಡಿಸ್ಟಿಂಗ್ವಿಷ್’ ಎಂಬಿವು, ‘ಅನ್‌ಲೆಸ್’, ‘ಹೆನ್ಸ್’ ಎಂಬ ಕೊಂಡಿಗಳು ಅರ್ಥವಾಗದಿದ್ದರೆ ಉತ್ತರ ಗೊತ್ತಿದ್ದೂ ಹಾಳೆ ಖಾಲಿ ಉಳಿಯುತ್ತದೆ. ನೋಟ್‌ಬುಕ್ಕಿನ ಕೊನೆಯ ಇಪ್ಪತ್ತು ಪುಟಗಳನ್ನು ಇವುಗಳಿಗಾಗಿಯೇ ಬಿಡಿಸಿದೆ.

ಮೂರನೆಯ ಅಭ್ಯಾಸವನ್ನು ಕಂಡುಕೊಂಡವಳು ಅವಳೇ. ಸಂಜೆ ತಾಯಿ ಬೀಡಿ ಕಟ್ಟುತ್ತ ಕುಳಿತಿರುವಾಗ ಆ ದಿನದ ಪಾಠವನ್ನು ಅವರಿಗೆ ತುಳುವಿನಲ್ಲಿ ಹೇಳುವುದು, ಆಮೇಲೆ ಒಳಗೆ ಹೋಗಿ ಅದನ್ನೇ ಇಂಗ್ಲಿಷಿನಲ್ಲಿ ಐದಾರು ವಾಕ್ಯ ಬರೆಯುವುದು. ತಾಯಿ ನಡುವೆ ತಡೆದು ‘ಅದು ಹೇಗೆ?’ ಎಂದು ಕೇಳುವ ಪ್ರಶ್ನೆಗಳು ಬಹಳ ಚೆನ್ನಾಗಿದ್ದವು. ಉತ್ತರ ತುಳುವಿನಲ್ಲಿ ತೊದಲಿದರೆ ಪಾಠವೇ ಅರ್ಥವಾಗಿಲ್ಲ, ಇಂಗ್ಲಿಷಿನಲ್ಲಿ ಮಾತ್ರ ತೊದಲಿದರೆ ಕೊರತೆ ಪದದ್ದು ಎಂಬ ಅಳತೆಗೋಲು ಅವಳಿಗೆ ಹೀಗೆ ಸಿಕ್ಕಿತು. ಓಣಂ ಪರೀಕ್ಷೆಯ ಹೊತ್ತಿಗೆ ತಲೆನೋವಿನ ಮಾತು ನಿಂತಿತ್ತು.

ಮನೆಯವರೊಂದಿಗಿನ ಮಾತುಕತೆ ಇಷ್ಟು ಸುಲಭವಾಗಿರಲಿಲ್ಲ. ಮಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಮಾವ ಸೊಸೆಯನ್ನು ಅಲ್ಲಿನ ಹಾಸ್ಟೆಲ್ ಸಹಿತವಾದ ಪಿಯು ಕಾಲೇಜಿಗೆ, ನೀಟ್ ತರಬೇತಿಯ ಜೊತೆಗೆ ಸೇರಿಸಬೇಕೆಂದು ನಿರ್ಧರಿಸಿದ್ದರು. ಸಾಲ ಮಾಡುವುದಕ್ಕೂ ತಯಾರಿದ್ದರು. ಅವರ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ‘ಇಲ್ಲಿ ಪ್ಲಸ್ ಟು ಮಾಡಿದರೆ ಕರ್ನಾಟಕದ ಸೀಟು ಕೈ ತಪ್ಪುತ್ತದೆ ಟೀಚರ್, ಮತ್ತೆ ಎಂತ ಮಾಡುವುದು?’ ಎಂಬುದು ಅವರ ಮುಖ್ಯ ವಾದವಾಗಿತ್ತು.

ಅದು ಹಾಗಲ್ಲವೆಂದು ತಿಳಿಸಿದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳನ್ನು ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರೆಂದು ಪರಿಗಣಿಸುತ್ತಾರೆ. ಅವರು ಪ್ರತ್ಯೇಕವಾಗಿ ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯಬೇಕು. ಆದ್ದರಿಂದ ಒಂದನೆಯ ತರಗತಿಯಿಂದ ಕಲಿತ ಶಾಲೆಗಳ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ತೆಗೆದಿಡಿ, ಆಯಾ ವರ್ಷದ ಕೈಪಿಡಿಯಲ್ಲಿ ನಿಯಮಗಳನ್ನು ನೋಡಿಕೊಳ್ಳಿ, ಪ್ಲಸ್ ಟುವಿನಲ್ಲಿಯೂ ಕನ್ನಡವನ್ನು ಬಿಡಬೇಡಿ ಎಂದೆ. ಇನ್ನು ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಅದನ್ನು ಕೊನೆಯ ಗಳಿಗೆಯಲ್ಲಿ ತಿಳಿದು ಕಂಗೆಡುವ ಬದಲು ಹತ್ತನೆಯಲ್ಲೇ ತಿಳಿದಿರುವುದು ಒಳ್ಳೆಯದು.

ಹಣದ ವಿಚಾರವನ್ನೂ ಮುಚ್ಚಿಡಲಿಲ್ಲ. ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಹನ್ನೆರಡನೆಯ ತರಗತಿಯವರೆಗೆ ಬರುತ್ತದೆ, ಆದರೆ ಸರಕಾರಿ ಅಥವಾ ಅನುದಾನಿತ ಸಂಸ್ಥೆಯಲ್ಲಿ ಕಲಿಯುವವರಿಗೆ ಮಾತ್ರ. ಖಾಸಗಿ ವಸತಿ ಕಾಲೇಜಿಗೆ ಸೇರಿದರೆ ಅದು ನಿಲ್ಲುತ್ತದೆ. ತಾಯಿ ಅಲ್ಲಿಯವರೆಗೆ ಮಾತಾಡಿರಲಿಲ್ಲ. ‘ದುಡ್ಡಿನದ್ದು ಹೇಗಾದರೂ ಆದೀತು, ಅವಳಿಗೆ ಇಲ್ಲಿ ಕಲಿಯಲಿಕ್ಕೆ ಆಗ್ತದಾ, ಅದು ಹೇಳಿ,’ ಎಂದರು. ಆಗುತ್ತದೆ, ಆದರೆ ಹತ್ತನೆಯ ಪರೀಕ್ಷೆ ಮುಗಿದ ಮೇಲಿನ ಎರಡು ತಿಂಗಳನ್ನು ಕಳೆದುಕೊಳ್ಳಬಾರದು ಎಂದು ಉತ್ತರಿಸಿದೆ. ಕೇರಳದಲ್ಲಿ ಪ್ಲಸ್ ಒನ್ ಕೂಡ ಪಬ್ಲಿಕ್ ಪರೀಕ್ಷೆ. ಎರಡೂ ವರ್ಷದ ಅಂಕಗಳು ಸೇರಿ 1200 ಆಗುತ್ತದೆ. ಭಾಷೆಗೆ ಹೊಂದಿಕೊಳ್ಳುವುದಕ್ಕೆ ಮೊದಲ ವರ್ಷವನ್ನು ಬಿಟ್ಟುಕೊಡುವ ಅವಕಾಶ ಇಲ್ಲಿಲ್ಲ, ಹಾಗಾಗಿ ಆ ಕೆಲಸ ಹೈಸ್ಕೂಲಿನಲ್ಲೇ ಆಗಬೇಕು. ನನ್ನ ಪ್ರಕಾರ ನೀಟ್ ತರಬೇತಿಗಿಂತ ಇದು ಮೊದಲು.

ಮನೆಯವರು ಒಂದು ತಿಂಗಳು ಯೋಚಿಸಿ ಮಗಳನ್ನು ಇಲ್ಲಿಯೇ ಕಲಿಸುವುದೆಂದು ತೀರ್ಮಾನಿಸಿದರು. ಅರ್ಜಿ ಹಾಕುವ ಹೊತ್ತಿಗೆ, ಒಂದೇ ಅರ್ಜಿಯಲ್ಲಿ ಹಲವು ಶಾಲೆಗಳನ್ನು ಕೇಳುವ ಏಕಗವಾಕ್ಷಿ ಪದ್ಧತಿಯಲ್ಲಿ ಶಾಲೆಗಳ ಆಯ್ಕೆಯನ್ನು ಯಾವ ಕ್ರಮದಲ್ಲಿ ಬರೆಯುತ್ತೇವೆಂಬುದು ಮುಖ್ಯವೆಂದು ಎಚ್ಚರಿಸಿ, ಬಸ್ಸಿನಲ್ಲಿ ದಿನವೂ ಹೋಗಿ ಬರಲು ಆಗುವ, ಎರಡನೆಯ ಭಾಷೆಯಾಗಿ ಕನ್ನಡವಿರುವ ಸರಕಾರಿ ಶಾಲೆಯನ್ನು ಮೊದಲಿಗೆ ಹಾಕಿಸಿದೆ. ಅದೇ ಸಿಕ್ಕಿತು.

ಪ್ಲಸ್ ಒನ್ ಸುಲಭವಾಗಿ ಕಳೆಯಿತು ಎಂದರೆ ಸುಳ್ಳಾಗುತ್ತದೆ. ಇಂಗ್ಲಿಷಿಗೆ ಅವಳು ಸಿದ್ಧಳಾಗಿದ್ದಳು. ಆದರೆ ಅಧ್ಯಾಪಕರು ವಿವರಣೆ ಕೊಡುತ್ತಿದ್ದುದು ಹೆಚ್ಚಾಗಿ ಮಲಯಾಳದಲ್ಲಿ. ಅದನ್ನು ನಾನು ಮೊದಲೇ ಊಹಿಸಿ ಹೇಳಬೇಕಿತ್ತು. ಭೌತವಿಜ್ಞಾನದಲ್ಲಿ ಅಂಕ ಕಡಿಮೆಯಾಗಿ ಇಂಪ್ರೂವ್‌ಮೆಂಟ್ ಪರೀಕ್ಷೆ ಬರೆಯಬೇಕಾಯಿತು. ನೋಟ್‌ಬುಕ್ಕಿಗೆ ಅವಳು ತಾನಾಗಿಯೇ ಮೂರನೆಯ ಕಾಲಂ ಒಂದನ್ನು ಎಳೆದುಕೊಂಡು, ತರಗತಿಯಲ್ಲಿ ಕಿವಿಗೆ ಬಿದ್ದ ಮಲಯಾಳ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯತೊಡಗಿದಳು.

ಪ್ಲಸ್ ಟುವಿನಲ್ಲಿದ್ದಾಗ ಒಂದು ಶನಿವಾರ ಅದನ್ನು ತೋರಿಸಲು ಬಂದಿದ್ದಳು. ಬೆಳಕಿನ ಪಾಠದಲ್ಲಿ ಅಧ್ಯಾಪಕರು ‘ಅಪವರ್ತನಂ’ ಎಂದಾಗ, ಗಣಿತದಲ್ಲಿ ಕಲಿತ ಅಪವರ್ತನ ಇಲ್ಲಿಗೆ ಯಾಕೆ ಬಂತು ಎಂದು ಅವಳಿಗೆ ಗೊಂದಲವಾಯಿತಂತೆ. ಕೈ ಎತ್ತಿ ಕೇಳಿದಳು. ಅದು ರಿಫ್ರಾಕ್ಷನ್ ಎಂದು ಅವರು ಹೇಳಿದರು, ನಿಮ್ಮ ಕನ್ನಡದಲ್ಲಿ ಏನೆನ್ನುತ್ತಾರೆ ಎಂದೂ ಕೇಳಿದರು. ಅವಳು ಎದ್ದು ನಿಂತು ಹೇಳಿದಳು.